ನಡೆಯುವಾಗ ಮಾತ್ರ ನೋಯುವ ಕೀಲನ್ನು ಡಾಕ್ಟರಿಗೆ ತೋರಿಸುವುದು ಹೇಗೆ

"ಎಕ್ಸ್‌ರೇ ನಾರ್ಮಲ್ ಅಂತೆ ಮೇಡಂ. ಆದ್ರೆ ಮೆಟ್ಟಿಲು ಇಳಿಯೋಕೆ ಆಗ್ತಿಲ್ಲ." ನಾನು ಫಿಸಿಯೋಥೆರಪಿಸ್ಟ್. ಮೂಳೆ ಡಾಕ್ಟರ ಕೋಣೆಯ ಪಕ್ಕದಲ್ಲೇ ನನ್ನ ಕೆಲಸ, ಹಾಗಾಗಿ ಈ ಮಾತು ಕೇಳಿ ಕೇಳಿ ಬಾಯಿಪಾಠ ಆಗಿದೆ. ರಿಪೋರ್ಟೂ ಸುಳ್ಳಲ್ಲ, ನೋವೂ ಸುಳ್ಳಲ್ಲ. ಎಕ್ಸ್‌ರೇ ತೆಗೆದಾಗ ಮಂಡಿ ಅಲ್ಲಾಡದೆ ಟೇಬಲ್ ಮೇಲೆ ಇತ್ತು, ಅಷ್ಟೇ. ಬಾಗಿಲು ಕಿರುಗುಟ್ಟುತ್ತದೆ ಎಂದು ಮುಚ್ಚಿದ ಬಾಗಿಲಿನ ಫೋಟೋ ಕಳಿಸಿದರೆ ಬಡಗಿ ತಾನೇ ಏನು ಹೇಳಿಯಾನು?

ಚುಚ್ಚದೆ, ಕೊಯ್ಯದೆ, ಕೀಲು ಕೆಲಸ ಮಾಡುತ್ತಿರುವಾಗಲೇ ಅದನ್ನು ನೋಡುವ ದಾರಿಗಳು ಹಲವಿವೆ. ಫೋನಿನ ವಿಡಿಯೋ, ಅಲ್ಟ್ರಾಸೌಂಡ್, ಭಾರ ಹಾಕಿ ತೆಗೆಯುವ ಎಕ್ಸ್‌ರೇ, ವಿಡಿಯೋದಂತೆ ಓಡುವ ಎಕ್ಸ್‌ರೇ, ಓಡುವ ಸಿಟಿ ಸ್ಕ್ಯಾನ್. ಯಾವುದನ್ನು ಯಾವಾಗ ಕೇಳಬೇಕು, ಕೇಳುವ ಮುಂಚೆ ನೀವು ಏನು ತಯಾರಿ ಮಾಡಿಕೊಂಡಿರಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಜಾಸ್ತಿ ಜಾಗ ಫೋನಿಗೇ ಹೋಗಿದೆ. ಅದು ಪೂರ್ತಿ ನಿಮ್ಮ ಕೈಯಲ್ಲಿರುವ ಕೆಲಸ, ಮತ್ತು ಹೆಚ್ಚಿನವರು ಕೆಡಿಸುವುದೂ ಅದನ್ನೇ.

ಒಂದು ಮಾತು ಮೊದಲೇ. ಬಿದ್ದೋ ಉಳುಕಿಯೋ ಕಾಲಿನ ಮೇಲೆ ಭಾರ ಹಾಕಲು ಆಗುತ್ತಿಲ್ಲ, ಕೀಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದಿದೆ, ಮಂಡಿ ಅರ್ಧಕ್ಕೆ ಸಿಕ್ಕಿಕೊಂಡು ನೇರ ಆಗುತ್ತಿಲ್ಲ, ಕಾಲು ಮರಗಟ್ಟಿದೆ: ಇವುಗಳಲ್ಲಿ ಒಂದಾದರೂ ಇದ್ದರೆ ವಿಡಿಯೋ ಗಿಡಿಯೋ ಬೇಡ. ನೇರ ಆಸ್ಪತ್ರೆಗೆ ಹೋಗಿ.

ಯಾವ ಚಲನೆ ಅನ್ನುವುದನ್ನು ಮೊದಲು ಹಿಡಿಯಿರಿ

"ಮಂಡಿ ನೋವು" ಅಂದರೆ ನಮಗೆ ಏನೂ ಹೇಳಿದ ಹಾಗಾಗಲಿಲ್ಲ. ಯಾವಾಗ ನೋವು? ಹತ್ತುವಾಗಲೋ ಇಳಿಯುವಾಗಲೋ? ಕುರ್ಚಿಯಿಂದ ಏಳುವ ಮೊದಲ ಕ್ಷಣದಲ್ಲೋ, ಹತ್ತು ನಿಮಿಷ ನಡೆದ ಮೇಲೋ? ಒಂದೇ ಬೆರಳಿನಿಂದ ಜಾಗ ತೋರಿಸಿ. ಇಡೀ ಅಂಗೈಯಿಂದ ಮಂಡಿ ಸವರಿ ತೋರಿಸುವವರಿಗೂ, ಒಂದು ಬೆರಳು ಒಳಬದಿಯ ಗೆರೆಯ ಮೇಲಿಟ್ಟು "ಇಲ್ಲೇ" ಅನ್ನುವವರಿಗೂ ನಾವು ಕೇಳುವ ಮುಂದಿನ ಪ್ರಶ್ನೆಯೇ ಬೇರೆ. ನೋವೋ, ಸಿಕ್ಕಿಹಾಕಿಕೊಂಡ ಹಾಗೋ, ಟಕ್ ಅನ್ನುವುದೋ, ಕಾಲು ಕೈಕೊಟ್ಟ ಹಾಗೋ, ಅದನ್ನೂ ಗಮನಿಸಿ.

ಇನ್ನೊಂದು ಸಣ್ಣ ಪರೀಕ್ಷೆ ಇದೆ. ನೀವೇ ಕೀಲನ್ನು ಆಡಿಸಿದಾಗ ನೋವಾಗಿ, ಬೇರೆಯವರು ಮೆಲ್ಲಗೆ ಆಡಿಸಿದಾಗ ನೋವಿಲ್ಲದಿದ್ದರೆ ಸ್ನಾಯು ಅಥವಾ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮೇಲೆ ಗುಮಾನಿ ಜಾಸ್ತಿ. ಯಾರು ಆಡಿಸಿದರೂ ನೋವಾದರೆ ಕೀಲಿನೊಳಗೇ ನೋಡಬೇಕು. ಇದು ಒರಟು ಲೆಕ್ಕ, ಆದರೂ ಯಾವ ಚಿತ್ರ ಬೇಕು ಅನ್ನುವುದಕ್ಕೆ ದಾರಿ ತೋರಿಸುತ್ತದೆ.

ಭುಜದಲ್ಲಿ ಕೋನ ಮುಖ್ಯ. ಕೈಯನ್ನು ಪಕ್ಕದಿಂದ ಮೇಲೆತ್ತುವಾಗ 60ರಿಂದ 120 ಡಿಗ್ರಿಯ ನಡುವೆ ನೋವು ಬಂದು, ಅದನ್ನು ದಾಟಿದ ಮೇಲೆ ಕಡಿಮೆಯಾದರೆ, ಭುಜದ ಮೇಲ್ತುದಿಯ ಮೂಳೆಯ ಕೆಳಗೆ ಟೆಂಡನ್ ತೊಂದರೆ ಕೊಡುತ್ತಿರಬಹುದು. ಕೈ ಪೂರ್ತಿ ಮೇಲೆ ಹೋದಾಗ ಮಾತ್ರ ನೋವಾದರೆ ಕಾಲರ್ ಮೂಳೆಯ ತುದಿಯಲ್ಲಿರುವ ಸಣ್ಣ ಕೀಲನ್ನು ನೋಡುತ್ತೇವೆ. ಒಂದೇ ಭುಜ, ಒಂದೇ ನೋವು, ಅಲ್ಟ್ರಾಸೌಂಡ್‌ನ ಪ್ರೋಬ್ (ಚರ್ಮದ ಮೇಲಿಟ್ಟು ನೋಡುವ ಹಿಡಿಕೆ) ಇಡುವ ಜಾಗ ಮಾತ್ರ ಬೇರೆ.

ಫೋನಿನಲ್ಲಿ ತೆಗೆಯುವುದು

ಕ್ಯಾಮೆರಾ ಕೀಲಿನ ಎತ್ತರದಲ್ಲಿರಲಿ. ಮಂಡಿ ನೋಡಬೇಕಾದರೆ ಮಂಡಿಯ ಎತ್ತರ. ನಿಂತುಕೊಂಡು ಎದೆಯ ಮಟ್ಟದಿಂದ ಕೆಳಮುಖವಾಗಿ ತೆಗೆದ ವಿಡಿಯೋದಲ್ಲಿ ಎಲ್ಲರ ಕಾಲೂ ಕುಳ್ಳಗೆ ಕಾಣುತ್ತದೆ, ಕೋನ ಎಲ್ಲ ತಪ್ಪು. ಫೋನನ್ನು ಸ್ಟೂಲಿನ ಮೇಲೆ ಪುಸ್ತಕಕ್ಕೆ ಒರಗಿಸಿ ಇಡಿ. ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಓಡಬೇಡಿ.

ದೂರ ಮೂರು ಮೀಟರ್ ಆದರೂ ಇರಲಿ. ಹತ್ತಿರದಿಂದ ವೈಡ್ ಲೆನ್ಸಿನಲ್ಲಿ ತೆಗೆದರೆ ಚಿತ್ರದ ಅಂಚುಗಳು ಎಳೆದ ಹಾಗಾಗುತ್ತವೆ. ದೂರ ಹೋಗಿ, ಬೇಕಿದ್ದರೆ ಎರಡರಷ್ಟು ಝೂಮ್ ಹಾಕಿ. ಪಕ್ಕದಿಂದ ತೆಗೆಯುವಾಗ ನಡೆಯುವ ದಾರಿಗೆ ಕ್ಯಾಮೆರಾ ನೇರ ಅಡ್ಡಲಾಗಿ ನೋಡುತ್ತಿರಬೇಕು. ನೆಲದ ಮೇಲೆ ಒಂದು ಟೇಪ್ ಅಂಟಿಸಿಕೊಂಡು ಅದರ ಮೇಲೆ ನಡೆದರೆ ಗೊಂದಲವಿಲ್ಲ. ಓರೆಯಾಗಿ ನಡೆದವರ ಮಂಡಿ ನಿಜಕ್ಕೆ 60 ಡಿಗ್ರಿ ಬಾಗಿದ್ದರೂ ಪರದೆಯ ಮೇಲೆ ಅಷ್ಟು ಕಾಣುವುದಿಲ್ಲ.

ಬಟ್ಟೆ ಮಂಡಿಗಿಂತ ಮೇಲೆ ಇರಲಿ, ಇಲ್ಲವೇ ಮೈಗೆ ಅಂಟಿದ ಹಾಗಿರಲಿ. ಸಡಿಲ ಪ್ಯಾಂಟ್ ಹಾಕಿಕೊಂಡು ತೆಗೆದರೆ ನಾವು ನೋಡುವುದು ಪ್ಯಾಂಟನ್ನೇ. ಬಿಳಿ ಟೇಪಿನ ಸಣ್ಣ ತುಂಡುಗಳನ್ನು ಮೂರು ಕಡೆ ಅಂಟಿಸಿ: ಸೊಂಟದ ಪಕ್ಕದಲ್ಲಿ ಕೈಗೆ ತಾಗುವ ತೊಡೆಮೂಳೆಯ ಉಬ್ಬು, ಮಂಡಿಯ ಹೊರಬದಿಯ ಮಧ್ಯ, ಪಾದದ ಕೀಲಿನ ಹೊರಗಡೆಯ ಗಂಟು. ಈ ಮೂರು ಚುಕ್ಕಿ ಸೇರಿಸಿದರೆ ಮಂಡಿಯ ಕೋನ ಸಿಗುತ್ತದೆ.

ಈಗ ಸ್ಲೋ ಮೋಷನ್ ವಿಷಯ. ಆರಾಮವಾಗಿ ನಡೆಯುವಾಗ ಒಂದು ಹಿಮ್ಮಡಿ ನೆಲ ಮುಟ್ಟಿದಾಗಿನಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗೆ ಸುಮಾರು ಒಂದು ಸೆಕೆಂಡು. ಅದರಲ್ಲಿ ಶೇಕಡಾ 60ರಷ್ಟು ಹೊತ್ತು ಕಾಲು ನೆಲದ ಮೇಲೆ, ಉಳಿದ 40 ಗಾಳಿಯಲ್ಲಿ. ಮೈಭಾರ ಕಾಲಿನ ಮೇಲೆ ಬೀಳುವ ಘಟ್ಟ ಮೊದಲ ಹತ್ತನೇ ಒಂದು ಭಾಗದಲ್ಲೇ ಮುಗಿದುಹೋಗುತ್ತದೆ. ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಮಾಮೂಲಿ ವಿಡಿಯೋ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಆ ಘಟ್ಟಕ್ಕೆ ಬರೀ ಮೂರು ಚಿತ್ರ ಸಿಕ್ಕಿತು. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240ಕ್ಕೆ ಇಟ್ಟರೆ 24 ಸಿಗುತ್ತವೆ. ಸವೆದ ಮಂಡಿ ಭಾರ ಬಿದ್ದ ತಕ್ಷಣ ಹೊರಗಡೆಗೆ ಒಂದು ಸಣ್ಣ ಜರ್ಕ್ ಹೊಡೆಯುವುದುಂಟು. ಬರಿಗಣ್ಣಿಗೆ ಏನೋ ಆಯಿತು ಅನ್ನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ನಿಧಾನವಾಗಿ ಓಡಿಸಿ ನೋಡಿದರೆ ಹಿಮ್ಮಡಿ ಊರುತ್ತದೆ, ಮಂಡಿ ಹೊರಕ್ಕೆ ಜಾರುತ್ತದೆ, ಮುಂದಿನ ಕಾಲು ಎತ್ತುವಷ್ಟರಲ್ಲಿ ವಾಪಸು ಬರುತ್ತದೆ. ಒಳಬದಿ ಸವೆದ ಮಂಡಿಯಲ್ಲಿ ಇದು ಕಂಡರೆ ಡಾಕ್ಟರು ಅದನ್ನು ಲಘುವಾಗಿ ತೆಗೆದುಕೊಳ್ಳುವುದಿಲ್ಲ.

ಸ್ಲೋ ಮೋಷನ್‌ಗೆ ಬೆಳಕು ಜಾಸ್ತಿ ಬೇಕು. ಟ್ಯೂಬ್‌ಲೈಟ್ ಮತ್ತು ಕೆಲವು ಎಲ್‌ಇಡಿಗಳ ಕೆಳಗೆ ವಿಡಿಯೋ ಪಟಪಟ ಮಿನುಗುತ್ತದೆ. ಫೋನು ಕೆಟ್ಟಿಲ್ಲ, ಕರೆಂಟಿನ ಜೊತೆ ದೀಪವೂ ಮಿನುಗುತ್ತಿರುತ್ತದೆ, ಅಷ್ಟೇ. ಹಗಲು ಬೆಳಕಿನಲ್ಲಿ ತೆಗೆಯಿರಿ, ತಾಪತ್ರಯವೇ ಇಲ್ಲ. ಆದರೆ ಬೆಳಕು ಕ್ಯಾಮೆರಾದ ಬೆನ್ನ ಹಿಂದಿನಿಂದ ಬರಲಿ. ಕಿಟಕಿಯ ಮುಂದೆ ನಡೆದರೆ ಬರೀ ಕಪ್ಪು ನೆರಳು ಸಿಗುತ್ತದೆ.

ಎದುರಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ ತೆಗೆಯಿರಿ. ಪಕ್ಕದ್ದು ಒಂದೇ ಸಾಕು ಅನ್ನಿಸುತ್ತದೆ. ಸಾಲದು. ಮೆಟ್ಟಿಲು ಇಳಿಯುವಾಗ ಬಲ ಮಂಡಿಯ ಮುಂಭಾಗ ನೋಯುತ್ತಿದ್ದ ಒಬ್ಬರು ಪಕ್ಕದಿಂದ ತೆಗೆದ ವಿಡಿಯೋ ತಂದಿದ್ದರು. ಅದರಲ್ಲಿ ಮಂಡಿ ಚೆನ್ನಾಗಿಯೇ ಬಾಗುತ್ತಿತ್ತು. ನಾನು ಅವರನ್ನು ಸಣ್ಣ ಮಣೆಯ ಮೇಲೆ ನಿಲ್ಲಿಸಿ, ಎಡಗಾಲನ್ನು ನಿಧಾನ ಕೆಳಗಿಡಿ ಅಂದು ಎದುರಿನಿಂದ ತೆಗೆದೆ. ಎಡಗಾಲು ಕೆಳಗೆ ಹೋದ ಹಾಗೆ ಸೊಂಟ ಎಡಕ್ಕೆ ವಾಲಿತು. ಬಲತೊಡೆ ಒಳಕ್ಕೆ ತಿರುಗಿತು. ಮಂಡಿಚಿಪ್ಪು ಹೆಬ್ಬೆರಳನ್ನೂ ದಾಟಿ ಒಳಗಡೆ ನೋಡತೊಡಗಿತು. ನೋವು ಮಂಡಿಯಲ್ಲಿ, ಆದರೆ ಸುಸ್ತಾಗಿದ್ದದ್ದು ಸೊಂಟದ ಪಕ್ಕದ ಸ್ನಾಯು. ಒಂಟಿ ಕಾಲಲ್ಲಿ ನಿಂತಾಗ ಸೊಂಟ ಆಚೆಗೆ ವಾಲುವುದನ್ನು ಜರ್ಮನಿಯ ಸರ್ಜನ್ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲೇ ವಿವರಿಸಿದ್ದರು. ರಾಂಟ್‌ಗೆನ್ ಎಕ್ಸ್‌ರೇ ಕಂಡುಹಿಡಿದದ್ದೂ ಅದೇ ವರ್ಷ. ಯಂತ್ರಕ್ಕಿಂತ ಕಣ್ಣು ಹಿಂದೆ ಬಿದ್ದಿರಲಿಲ್ಲ ನೋಡಿ.

ಕ್ಯಾಮೆರಾ ಇದೆ ಅಂದ ತಕ್ಷಣ ಎಲ್ಲರೂ ನೆಟ್ಟಗೆ ನಡೆಯುತ್ತಾರೆ. ಅದಕ್ಕೇ ಹಲವು ಸಲ ಆಚೆ ಈಚೆ ನಡೆಯಿರಿ, ಮೊದಲ ಸುತ್ತುಗಳನ್ನು ಬಿಟ್ಟುಬಿಡಿ. ನಡೆಯುತ್ತಾ ಯಾರ ಜೊತೆಗಾದರೂ ಮಾತಾಡಿ. ನೋವು ಸಂಜೆ ಬರುವುದಾದರೆ ಸಂಜೆಯೇ ತೆಗೆಯಿರಿ. ನೋವಿನ ಮಾತ್ರೆ ತೆಗೆದುಕೊಂಡಿದ್ದರೆ ಎಷ್ಟು ಹೊತ್ತಿಗೆ ಅಂತ ಬರೆದಿಡಿ. ವಿಡಿಯೋಗೋಸ್ಕರ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಬರಿಗಾಲಲ್ಲಿ ಒಂದು ಸಲ, ದಿನಾ ಹಾಕುವ ಚಪ್ಪಲಿಯಲ್ಲಿ ಒಂದು ಸಲ ಸಾಕು. ಮಂಡಿ ಕೈಕೊಡುವ ಅಭ್ಯಾಸ ಇದ್ದರೆ ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು.

ಕೋನ ಅಳೆಯುವವರಿಗೆ

ಕಿನೋವಿಯಾ ಅನ್ನುವ ಉಚಿತ ಕಂಪ್ಯೂಟರ್ ತಂತ್ರಾಂಶದಲ್ಲಿ ವಿಡಿಯೋ ನಿಲ್ಲಿಸಿ ಮೂರು ಚುಕ್ಕಿ ಸೇರಿಸಿದರೆ ಕೋನ ಬರುತ್ತದೆ. ಫೋನಿನ ವಿಡಿಯೋದಿಂದ ತಾನಾಗಿಯೇ ಕಡ್ಡಿ ಗೊಂಬೆ ಬಿಡಿಸಿ ಕೋನ ಹೇಳುವ ಆ್ಯಪ್‌ಗಳೂ ಬಂದಿವೆ. ಸ್ಟ್ಯಾನ್‌ಫರ್ಡ್‌ನವರು ಮಾಡಿದ ಓಪನ್‌ಕ್ಯಾಪ್ ಎರಡು ಅಥವಾ ಹೆಚ್ಚು ಕ್ಯಾಮೆರಾಗಳಿಂದ ಚಲನೆಯನ್ನು ಮೂರು ಆಯಾಮದಲ್ಲಿ ಲೆಕ್ಕ ಹಾಕುತ್ತದೆ. ನೋಡಲು ಚೆಂದ, ಉಪಯೋಗವೂ ಇದೆ. ಆದರೆ ಒಂದು ಕ್ಯಾಮೆರಾದ ಆ್ಯಪ್ "63.4 ಡಿಗ್ರಿ" ಅಂದರೆ ಆ ದಶಾಂಶವನ್ನು ನಾನಂತೂ ನಂಬುವುದಿಲ್ಲ. ಚರ್ಮ ಮೂಳೆಯ ಮೇಲೆ ಜಾರುತ್ತದೆ, ತೊಡೆಯಲ್ಲಂತೂ ಟೇಪಿನ ಚುಕ್ಕಿ ಒಂದೆರಡು ಸೆಂಟಿಮೀಟರ್ ಆಚೆ ಈಚೆ ಹೋಗುತ್ತದೆ. ನಾವು ಕೈಯಲ್ಲಿ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಪಟ್ಟಿ) ಹಿಡಿದು ಅಳೆದರೂ ಐದು ಡಿಗ್ರಿ ವ್ಯತ್ಯಾಸ ಮಾಮೂಲು. ಹೋದ ತಿಂಗಳು 95 ಇದ್ದ ಮಂಡಿ ಈ ತಿಂಗಳು 98 ಬಾಗಿದರೆ ಖುಷಿಪಡಬೇಡಿ. 110 ಬಾಗಿದರೆ ಖುಷಿಪಡಿ.

ಒಂದು ಅಂದಾಜಿರಲಿ: ನಡೆಯುವಾಗ ಗಾಳಿಯಲ್ಲಿರುವ ಕಾಲಿನ ಮಂಡಿ ಸುಮಾರು 60 ಡಿಗ್ರಿ ಬಾಗುತ್ತದೆ. ಅಷ್ಟು ಬಾಗದಿದ್ದರೆ ಪಾದದ ತುದಿ ನೆಲಕ್ಕೆ ಎಡವುತ್ತದೆ, ಅದನ್ನು ತಪ್ಪಿಸಲು ಜನ ಸೊಂಟ ಎತ್ತಿ ಕಾಲು ತೂರುತ್ತಾರೆ. ಎಷ್ಟೋ ಸಲ ಸಂಖ್ಯೆಗಿಂತ ಮೊದಲು ಆ ಸೊಂಟವೇ ಕಣ್ಣಿಗೆ ಬೀಳುತ್ತದೆ.

ಅಲ್ಟ್ರಾಸೌಂಡ್ ಕೋಣೆಯಲ್ಲಿ

ವಿಡಿಯೋ ಹೊರಗಿನದನ್ನು ತೋರಿಸುತ್ತದೆ. ಚರ್ಮದ ಕೆಳಗೆ ಟೆಂಡನ್ ಜಾರುವುದನ್ನು ಆ ಕ್ಷಣದಲ್ಲೇ ನೋಡಬೇಕೆಂದರೆ ಅಲ್ಟ್ರಾಸೌಂಡ್. ವಿಕಿರಣ ಇಲ್ಲ, ಸೂಜಿ ಇಲ್ಲ, ನೀವು ಕೀಲು ಆಡಿಸುತ್ತಿರುವಾಗಲೇ ಪರದೆಯ ಮೇಲೆ ಓಡುತ್ತದೆ. ಆದರೆ ಬರೀ "ಭುಜದ ಸ್ಕ್ಯಾನಿಂಗ್" ಅಂತ ಬರೆದ ಚೀಟಿ ಹಿಡಿದು ಹೋಗಿ ಸುಮ್ನೆ ಮಲಗಿ ಬಂದರೆ ಅರ್ಧ ಕೆಲಸ ಆಗಿರುವುದಿಲ್ಲ. ಚೀಟಿಯಲ್ಲಿ "ಡೈನಮಿಕ್" (ಕೀಲು ಆಡಿಸುತ್ತಾ ನೋಡುವುದು) ಎಂದು, ಯಾವ ಚಲನೆಯಲ್ಲಿ ಏನಾಗುತ್ತದೆ ಎಂದು ಬರೆಸಿಕೊಳ್ಳಿ. ಒಳಗೆ ಹೋದ ಮೇಲೆ ನೀವೂ ಹೇಳಿ: "ಹೀಗೆ ತಿರುಗಿಸಿದಾಗ ಟಕ್ ಅನ್ನುತ್ತೆ, ತಿರುಗಿಸಲಾ?"

ಪಾದದ ಕೀಲಿನ ಹೊರಬದಿಯ ಒಂದು ತೊಂದರೆ ನೋಡಿ. ಹೊರಗಂಟಿನ ಹಿಂದೆ ಎರಡು ಟೆಂಡನ್‌ಗಳು ಹಾದುಹೋಗುತ್ತವೆ. ಪ್ರೋಬ್ ಅಡ್ಡ ಇಟ್ಟರೆ ಗಂಟಿನ ಮೂಳೆ ಹೊಳೆಯುವ ಬಿಳಿ ಗೆರೆ, ಅದರ ಹಿಂದೆ ಎರಡು ಅಂಡಾಕಾರದ ಬೂದು ಮಚ್ಚೆ. ಕಾಲು ಸುಮ್ಮನಿದ್ದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಈಗ ಪಾದವನ್ನು ಮೇಲಕ್ಕೆಳೆದು ಹೊರಕ್ಕೆ ತಿರುಗಿಸಿ ಎಂದು ಹೇಳುತ್ತಾರೆ. ಅವುಗಳನ್ನು ಹಿಡಿದಿಡುವ ಪಟ್ಟಿ ಹರಿದಿದ್ದರೆ ಒಂದು ಮಚ್ಚೆ ಮೂಳೆಯ ಅಂಚನ್ನು ಹತ್ತಿ ಈಚೆಗೆ ಹಾರುತ್ತದೆ, ಪಾದ ಸಡಿಲ ಬಿಟ್ಟಾಗ ವಾಪಸು ಬೀಳುತ್ತದೆ. ಪ್ರೋಬನ್ನು ಒತ್ತಿ ಹಿಡಿದರೆ ಮಾತ್ರ ಹಾರುವುದಿಲ್ಲ! ಒತ್ತಡವೇ ಅದನ್ನು ಜಾಗದಲ್ಲಿ ಕೂರಿಸಿಬಿಡುತ್ತದೆ. ಹಾಗಾಗಿ ಜೆಲ್ ಧಾರಾಳ, ಕೈ ಹಗುರ. ಇದು ಸ್ಕ್ಯಾನ್ ಮಾಡುವವರಿಗೆ ಗೊತ್ತಿರುವ ವಿಷಯವೇ; ನಿಮಗೆ ಗೊತ್ತಿದ್ದರೆ, ಎಂದಿನ ಹಾಗೆ ಟಕ್ ಅನ್ನದಿದ್ದಾಗ "ಇವತ್ತು ಬರಲಿಲ್ಲ" ಎಂದು ಹೇಳಲು ಧೈರ್ಯ ಬರುತ್ತದೆ. ಹೇಳಿ. ಇನ್ನೊಂದು ಭಂಗಿಯಲ್ಲಿ, ಬೇಕಿದ್ದರೆ ನಿಲ್ಲಿಸಿಯೂ ನೋಡುತ್ತಾರೆ.

ಹೀಗೆ ಚಲನೆಯಲ್ಲೇ ಸಿಕ್ಕಿಬೀಳುವ ಇನ್ನೂ ಕೆಲವಿವೆ. ಕೈ ಹೊರಕ್ಕೆ ತಿರುಗಿಸಿದಾಗ ಭುಜದ ಮುಂದಿನ ಕಾಲುವೆಯಿಂದ ಆಚೆ ಬರುವ ಬೈಸೆಪ್ಸ್ ಟೆಂಡನ್, ಮೊಣಕೈ ಮಡಚಿದಾಗ ಒಳಗಂಟನ್ನು ದಾಟುವ ನರ, ಸೊಂಟದ ಮುಂದೆ ಟಕ್ ಅನ್ನುವ ಟೆಂಡನ್, ಮಡಚಿದ ಬೆರಳು ಸಿಕ್ಕಿಕೊಳ್ಳುವುದು. ಯಾವುದೇ ಆಗಲಿ, ಇನ್ನೊಂದು ಬದಿಯನ್ನೂ ನೋಡಿಸಿ. ಮೊಣಕೈಯ ಆ ನರ ಏನೂ ನೋವಿಲ್ಲದವರಲ್ಲೂ ಜಾರುವುದುಂಟು. ಜಾರುತ್ತದೆ ಅಂದ ಮಾತ್ರಕ್ಕೆ ಅದೇ ಕಾರಣ ಎಂದಲ್ಲ. ಜಾರುವ ಕ್ಷಣಕ್ಕೇ ನಿಮ್ಮ ನೋವು ಬರುತ್ತದೆಯೋ ಅನ್ನುವುದನ್ನು ಜೋರಾಗಿ ಹೇಳಬೇಕಾದವರು ನೀವು.

ಅಲ್ಟ್ರಾಸೌಂಡ್‌ಗೆ ಮಿತಿಯೂ ಇದೆ. ಅಲೆ ಮೂಳೆಯನ್ನು ದಾಟುವುದಿಲ್ಲ. ಮಂಡಿಯ ನಡುವೆ ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್, ಒಳಗಿನ ಮೆತ್ತೆಯಂಥ ಮೆನಿಸ್ಕಸ್ ಇದರಲ್ಲಿ ಸರಿಯಾಗಿ ಸಿಗುವುದಿಲ್ಲ, ಅದಕ್ಕೆ ಎಂಆರ್‌ಐ. ಪ್ರೋಬ್ ಸ್ವಲ್ಪ ಓರೆಯಾದರೂ ಒಳ್ಳೆಯ ಟೆಂಡನ್ ಕಪ್ಪಗೆ, ಹರಿದ ಹಾಗೆ ಕಾಣುತ್ತದೆ. ಹಾಗಾಗಿ ಇದು ಮಾಡುವವರ ಕೈಚಳಕದ ಮೇಲೆ ನಿಂತಿರುವ ಪರೀಕ್ಷೆ. ಬರೀ ಫೋಟೋ ಕೊಟ್ಟರೆ, ಓಡುವ ತುಣುಕು ಉಳಿಸಿಕೊಡಿ ಎಂದು ಕೇಳಿ.

ಹಸುಗೂಸುಗಳ ಸೊಂಟಕ್ಕಂತೂ ಇದೇ ಸರಿಯಾದ ಪರೀಕ್ಷೆ. ತೊಡೆಮೂಳೆಯ ತಲೆ ಆಗ ಇನ್ನೂ ಮೃದ್ವಸ್ಥಿ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆಸ್ಟ್ರಿಯಾದ ರೈನ್‌ಹಾರ್ಡ್ ಗ್ರಾಫ್ 1980ರಲ್ಲಿ ಕೋನ ಅಳೆಯುವ ವಿಧಾನ ಕೊಟ್ಟರು. ಮೆಲ್ಲಗೆ ತೊಡೆ ಒತ್ತಿ ಕೀಲು ಜಾರುತ್ತದೆಯೇ ಎಂದು ನೋಡುವ ವಿಧಾನವೂ ಇದೆ. ನಾಲ್ಕೈದು ತಿಂಗಳಾದ ಮೇಲೆ ಮೂಳೆ ಬೆಳೆದು ಅಲ್ಟ್ರಾಸೌಂಡ್ ಮಸುಕಾಗುತ್ತಾ ಹೋಗುತ್ತದೆ. ಡಾಕ್ಟರು ಮಾಡಿಸಿ ಎಂದರೆ ಮುಂದೂಡಬೇಡಿ.

ಎಕ್ಸ್‌ರೇ, ಸಿಟಿ, ಎಂಆರ್‌ಐ

ಎಕ್ಸ್‌ರೇಯನ್ನೂ ಕೆಲಸಕ್ಕೆ ಹಚ್ಚಬಹುದು. ಮಂಡಿ ಸವೆತಕ್ಕೆ ಮಲಗಿ ತೆಗೆದ ಚಿತ್ರಕ್ಕಿಂತ ನಿಂತು ತೆಗೆದದ್ದು ಮೇಲು, ಭಾರ ಬಿದ್ದಾಗಲೇ ಮೂಳೆಗಳ ನಡುವಿನ ಜಾಗ ಎಷ್ಟು ಉಳಿದಿದೆ ಎಂದು ಕಾಣುವುದು. ಮಂಡಿಯನ್ನು 45 ಡಿಗ್ರಿ ಬಾಗಿಸಿ ನಿಲ್ಲಿಸಿ ಹಿಂದಿನಿಂದ ತೆಗೆಯುವ ರೋಸೆನ್‌ಬರ್ಗ್ ಭಂಗಿ 1988ರಿಂದ ಇದೆ. ಕಾಲು ನೆಟ್ಟಗಿದ್ದಾಗ ಬಚ್ಚಿಟ್ಟುಕೊಳ್ಳುವ ಹಿಂಭಾಗದ ಸವೆತ ಅದರಲ್ಲಿ ಕಾಣುತ್ತದೆ. ಬೆನ್ನಿಗೆ ಮುಂದೆ ಬಾಗಿ, ಹಿಂದೆ ಬಾಗಿ ತೆಗೆಯುತ್ತಾರೆ. ಮಣಿಕಟ್ಟಿಗೆ ಮುಷ್ಟಿ ಬಿಗಿಹಿಡಿದು ತೆಗೆಯುತ್ತಾರೆ, ಆಗ ಲಿಗಮೆಂಟ್ ಹರಿದಿದ್ದರೆ ಎರಡು ಸಣ್ಣ ಮೂಳೆಗಳ ನಡುವೆ ಬಿರುಕು ಬಿಡುತ್ತದೆ. "ನಿಂತು ತೆಗೆಯುತ್ತೀರಾ, ಮಲಗಿಸಿಯಾ?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಫ್ಲೋರೋಸ್ಕೋಪಿ ಅಂದರೆ ಓಡುವ ಎಕ್ಸ್‌ರೇ. ಮೂಳೆ ಮೂಳೆಯ ಮೇಲೆ ಹೇಗೆ ಜಾರುತ್ತದೆ ಎಂದು ನೇರವಾಗಿ ಕಾಣುತ್ತದೆ, ಜೊತೆಗೆ ವಿಕಿರಣವೂ ಬೀಳುತ್ತದೆ. ಬಿಟ್ಟು ಬಿಟ್ಟು ಹೊಡೆಯುವ ಪಲ್ಸ್ ವಿಧಾನದಲ್ಲಿ ಅದು ಕಡಿಮೆ. ಓಡುವ ಸಿಟಿ, ಅಂದರೆ 4ಡಿ ಸಿಟಿ, ಮಣಿಕಟ್ಟಿನಂಥ ಸಣ್ಣ ಮೂಳೆಗಳ ಗುಂಪಿಗೆ ಒಳ್ಳೆಯದು. ಇವೆರಡಕ್ಕೂ ನನ್ನ ಕಡೆಯಿಂದ ಒಂದೇ ಪ್ರಶ್ನೆ, ನೀವೂ ಡಾಕ್ಟರನ್ನು ಕೇಳಿ: ಇದರಲ್ಲಿ ಏನು ಕಂಡರೆ ಚಿಕಿತ್ಸೆ ಬದಲಾಗುತ್ತದೆ? ಬದಲಾಗುವುದಿಲ್ಲ ಅಂದರೆ ಮಾಡಿಸುವುದೇಕೆ? ಗರ್ಭಿಣಿಯಾಗಿದ್ದರೆ, ಆಗಿರಬಹುದು ಅನ್ನಿಸಿದರೂ, ಎಕ್ಸ್‌ರೇ ಕೋಣೆಗೆ ಹೋಗುವ ಮೊದಲೇ ಹೇಳಿ. ಎಂಆರ್‌ಐಗೆ ವಿಕಿರಣ ಇಲ್ಲ, ಮೃದು ಭಾಗಗಳಿಗೆ ಅದೇ ರಾಜ. ಆದರೆ ಹೆಚ್ಚಿನ ಕಡೆ ಅದು ಮಲಗಿಸಿ, ಅಲ್ಲಾಡಬೇಡಿ ಎಂದು ಹೇಳಿ ತೆಗೆಯುವ ಚಿತ್ರ. ಪೇಸ್‌ಮೇಕರ್, ಒಳಗೆ ಲೋಹ ಇದ್ದರೆ ಮೊದಲೇ ತಿಳಿಸಬೇಕು.

ಡಾಕ್ಟರ ಮುಂದೆ

ಇಪ್ಪತ್ತು ವಿಡಿಯೋ ಇರುವ ಫೋನನ್ನು ಕೈಗೆ ಕೊಟ್ಟು "ನೋಡಿ ಡಾಕ್ಟ್ರೇ" ಅನ್ನಬೇಡಿ. ಹುಡುಕುವಷ್ಟರಲ್ಲಿ ನಿಮ್ಮ ಸಮಯ ಮುಗಿದಿರುತ್ತದೆ. ಎದುರಿನಿಂದ ಒಂದು, ಪಕ್ಕದಿಂದ ಒಂದು, ಎರಡೂ ಅರ್ಧ ನಿಮಿಷದೊಳಗೆ. ನೋವು ಬರುವ ಕ್ಷಣ ಎಷ್ಟನೇ ಸೆಕೆಂಡಿನಲ್ಲಿದೆ ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಅಲ್ಲಿಗೇ ತಂದು ನಿಲ್ಲಿಸಿ ತೋರಿಸಿ. ನೋವಿಲ್ಲದ ಕಾಲೂ ಚಿತ್ರದಲ್ಲಿರಲಿ. ಮುಖ ಬೇಕಿಲ್ಲ, ಎದೆಯಿಂದ ಕೆಳಗೆ ಸಾಕು.

ಮೊದಲೇ ಕಳಿಸುವುದಿದ್ದರೆ ಮೆಸೇಜ್ ಆ್ಯಪ್‌ನಲ್ಲಿ ವಿಡಿಯೋ ಅಂತ ಹಾಕಬೇಡಿ. ಅದು ಹಿಂಡಿ ಸಣ್ಣದು ಮಾಡುತ್ತದೆ, ಸ್ಲೋ ಮೋಷನ್‌ನ ಎಷ್ಟೋ ಚಿತ್ರಗಳು ಅಲ್ಲೇ ಉದುರಿಹೋಗಬಹುದು. ಡಾಕ್ಯುಮೆಂಟ್ ಎಂದು ಲಗತ್ತಿಸಿ ಕಳಿಸಿ. ಮೂಲ ಫೈಲನ್ನು ಅಳಿಸದೆ, ದಿನಾಂಕ ಹಾಕಿ ಇಟ್ಟುಕೊಳ್ಳಿ. ವ್ಯಾಯಾಮ ಶುರುವಾದ ಮೇಲೆ ಆರು ವಾರಕ್ಕೆ ಅದೇ ಟೇಪ್ ಗೆರೆ, ಅದೇ ಸ್ಟೂಲು, ಅದೇ ಚಪ್ಪಲಿಯಲ್ಲಿ ಮತ್ತೆ ತೆಗೆದು ಎರಡನ್ನೂ ಅಕ್ಕಪಕ್ಕ ಓಡಿಸಿ ನೋಡಿ.